ಮೂವತ್ತೊಂದಿಲ್ಲದ ತಿಂಗಳು

ನಮ್ಮ ಯಜಮಾನರ ಬಳಿ ಒಂಬತ್ತು ಚಿನ್ನದ ಕೈಗಡಿಯಾರಗಳಿವೆ. ಹಳೆಯ ವಾಚ್ ಅಂಗಡಿಗಳ ಮೆಟ್ಟಿಲು ಸವೆಸಿ ಕೂಡಿಸಿದ್ದು. ಎಲ್ಲವೂ ನನಗಿಂತ ಹಳೆಯವು, ನನಗಿಂತ ಚೆನ್ನಾಗಿ ಉಳಿದವು. ಒಂದರ ಮೇಲೂ ಗೀರಿಲ್ಲ. ತಾರೀಖು ತೋರಿಸುವ ಪುಟ್ಟ ಕಿಂಡಿ ಇರಲೇಬೇಕು. ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಇವರು ಮೂಸಿ ನೋಡುವುದಿಲ್ಲ. ಬೆಳಿಗ್ಗೆ ಎದ್ದು ಒಂಬತ್ತು ಗಡಿಯಾರಕ್ಕೂ ಕೀ ಕೊಟ್ಟು, ಅಂದಿನ ಸರದಿಯದನ್ನು ಕಟ್ಟಿಕೊಂಡ ಮೇಲೆಯೇ ಕಾಫಿ. ನಾನು ಅವನ್ನು ಮುಟ್ಟುವ ಹಾಗಿಲ್ಲ. ನಲವತ್ತು ವರ್ಷದಲ್ಲಿ ಮುಟ್ಟಿಯೂ ಇರಲಿಲ್ಲ, ನನಗೇನು ಬೇರೆ ಕೆಲಸವಿಲ್ಲವೆ?

ಈ ಗಡಿಯಾರಗಳಿಗೆ ಒಂದು ದಡ್ಡತನವಿದೆ. ಎಲ್ಲ ತಿಂಗಳಿಗೂ ಮೂವತ್ತೊಂದು ದಿನ ಎಂದೇ ತಿಳಿದಿವೆ. ಮೂವತ್ತಕ್ಕೆ ತಿಂಗಳು ಮುಗಿದರೆ, ಮರುದಿನ ಬೆಳಿಗ್ಗೆ ಗಂಟೆಯ ಮುಳ್ಳನ್ನು ಎರಡು ಸುತ್ತು, ಅಂದರೆ ಒಂದು ಇಡೀ ದಿನ, ಮುಂದಕ್ಕೆ ಸುತ್ತಿಸಿ ತಾರೀಖನ್ನು ಒಂದಕ್ಕೆ ತರಬೇಕು. ಇವರು ಅದನ್ನು ಒಮ್ಮೆಯೂ ಮರೆತಿರಲಿಲ್ಲ. ನನ್ನ ಹುಟ್ಟುಹಬ್ಬ ಮರೆಯುತ್ತಿದ್ದರು, ಅದು ಬೇರೆ ಮಾತು.

ಈ ವರ್ಷ ಒಲೆ ಆರಿಸುವುದನ್ನು ಮರೆತರು, ಎರಡು ಸಲ. ಡಾಕ್ಟರ ಬಳಿ ಕರೆದುಕೊಂಡು ಹೋದೆ. ಆಕೆ ಇವತ್ತು ಎಷ್ಟನೇ ತಾರೀಖು ಎಂದು ಕೇಳಿದರು. ಇವರು ಠೀವಿಯಿಂದ ಮಣಿಕಟ್ಟನ್ನು ಮೂಗಿನ ಹತ್ತಿರ ತಂದು, ಜೂನ್ ಮೂವತ್ತೊಂದು ಎಂದರು. ಅಂದು ಜುಲೈ ಒಂದು. ಮೂರು ತಿಂಗಳು ಬಿಟ್ಟು ನೋಡೋಣ, ಆಗಲೂ ಹೀಗೇ ಆದರೆ ಮನೆಯಲ್ಲಿ ಒಬ್ಬರೇ ಬಿಡುವಂತಿಲ್ಲ ಎಂದರು ಡಾಕ್ಟರು. ನನ್ನ ಟೈಲರಿಂಗ್ ಅಂಗಡಿ ಮುಚ್ಚಬೇಕಾದೀತು, ಅದು ಹಾಳಾಗಲಿ. ಒಂದು ದಿನ ಇವರು ನನ್ನನ್ನೇ ಯಾರೆಂದು ಕೇಳಿದರೆ ಎಂಬುದು ನನ್ನ ಭಯ. ಮನೆಗೆ ಬಂದು ಇವರು ಒಂಬತ್ತಕ್ಕೂ ಎರಡೆರಡು ಸುತ್ತು ಕೊಟ್ಟರು.

ಮುಂದಿನ ಭೇಟಿ ಅಕ್ಟೋಬರ್ ಒಂದಕ್ಕೆ. ಸೆಪ್ಟೆಂಬರಿಗೂ ಮೂವತ್ತೇ ದಿನ; ಆ ದಿನವನ್ನೇ ಹುಡುಕಿ ಕೊಟ್ಟ ಹಾಗಿತ್ತು. ಸುತ್ತು ಕೊಡುವುದು ಇವರಿಗೆ ನೆನಪಾಗುವುದಿಲ್ಲ ಎಂದೇ ನಾನು ಎಣಿಸಿದ್ದೆ. ಹಿಂದಿನ ದಿನ ಮಧ್ಯಾಹ್ನ ಇವರು ವಾಚು ಬಿಚ್ಚಿಟ್ಟು ಮಲಗಿದ್ದಾಗ, ಕಳ್ಳಿಯ ಹಾಗೆ ಒಂಬತ್ತಕ್ಕೂ ಎರಡು ಸುತ್ತು ಕೊಟ್ಟೆ. ಮೂವತ್ತೊಂದಕ್ಕೆ ಬಂದವು; ಬೆಳಗಾಗುವುದರೊಳಗೆ ತಾವಾಗಿಯೇ ಒಂದಕ್ಕೆ ಬಂದಿರುತ್ತವೆ. ಇವರು ಕೈ ನೋಡಿ ಓದಿದರೆ ಸಾಕು.

ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಇವರು ಮಣಿಕಟ್ಟನ್ನು ಎತ್ತಿದರು.

"ಎರಡು," ಅಂದರು.

ಡಾಕ್ಟರು ಬರೆಯತೊಡಗಿದರು. ಇವರು ಮಾತ್ರ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

"ಅಲ್ಲ, ತಡೀರಿ. ನಿನ್ನೆ ಮೂವತ್ತು, ಇವತ್ತು ಒಂದು. ಬೆಳಿಗ್ಗೆ ನಾನೇ ಎರಡು ಸುತ್ತು ಕೊಟ್ಟಿದೀನಿ, ಕಣ್ಣು ಮುಚ್ಚಿಕೊಂಡು ಕೊಡ್ತೀನಿ ಅದನ್ನ. ಇದು ಎರಡಕ್ಕೆ ಹೇಗೆ ಹೋಯ್ತು?" ನನ್ನ ಕಡೆ ತಿರುಗಿದರು. "ನನ್ನ ವಾಚು ಮುಟ್ಟಿದೀಯಾ ನೀನು?"

"ಹೂಂ ರೀ," ಅಂದೆ.

ಡಾಕ್ಟರ ಎದುರೇ ಶುರು ಹಚ್ಚಿಕೊಂಡರು. ಕೈಯ ಬೆವರಂತೆ, ಚಿನ್ನವಂತೆ, ಹೇಳದೆ ಕೇಳದೆಯಂತೆ, ಈ ವಯಸ್ಸಿನಲ್ಲಿ ಇದೆಂಥ ಬುದ್ಧಿಯಂತೆ. ಬೇರೆ ದಿನವಾಗಿದ್ದರೆ ನಾನೂ ಸರಿಯಾಗಿ ತಿರುಗಿಸಿ ಕೊಡುತ್ತಿದ್ದೆ. ಡಾಕ್ಟರು ಬರೆದದ್ದನ್ನು ಹೊಡೆದು ಹಾಕಿದರು. ನಾನು ಬಾಯಿಗೆ ಕೈ ಅಡ್ಡ ಹಿಡಿದು, ಇನ್ನಷ್ಟು ಬೈಯಲಿ ಎಂದು ಕೂತೆ.