ನಾಲ್ಕು ಪೌಂಡ್ ಸಡಿಲ

ಟೊರೆನ್ಸ್ ಊರಿನ ಅಂಗಡಿಯಲ್ಲಿ ಟೆನಿಸ್ ರ‍್ಯಾಕೆಟ್ಟಿಗೆ ಗಟ್ ತಂತಿ ಬಿಗಿದುಕೊಡುವ ಶಿವರಾಮನಿಗೆ ಚಿಹಾರು ಹನ್ನೊಂದು ವರ್ಷಗಳಿಂದ ಗಿರಾಕಿ. ಜಪಾನಿನ ಈ ವೃತ್ತಿಪರ ಆಟಗಾರ್ತಿಯ ಮಣಿಕಟ್ಟಿಗೆ ಎರಡು ಸಲ ಆಪರೇಷನ್ ಆಗಿತ್ತು. ಆದರೂ ೨೦೨೨ರ ಸ್ಯಾನ್ ಡಿಯಾಗೋ ಟೂರ್ನಿಯಲ್ಲಿ ಆಡಿಯೇ ತೀರುವೆನೆಂದು, ಗಟ್ ಎಂದಿನಂತೆ ಐವತ್ತೆರಡು ಪೌಂಡ್ ಬಿಗಿ ಇರಲಿ ಎಂದು ಹೇಳಿಹೋಗಿದ್ದಳು.

"ಅಷ್ಟು ಬಿಗಿ ಇದ್ರೆ ಆ ಕೈ ತಡೆಯುತ್ತಾ?" ಎಂದು ಅವನು ಹೆಂಡತಿಯನ್ನು ಕೇಳಿದ.

"ನಿಮಗ್ಯಾಕ್ರೀ ಡಾಕ್ಟರ್ ಕೆಲಸ? ಹೇಳಿದಷ್ಟು ಮಾಡಿ," ಎಂದಳು ಕುಮುದಾ.

ಅವನಿಗೆ ಮನಸ್ಸು ಬರಲಿಲ್ಲ. ಸಡಿಲವಾದಷ್ಟೂ ಕೈಗೆ ನೋವು ಕಡಿಮೆ ಎಂದು, ಯಾರಿಗೂ ಹೇಳದೆ ನಲವತ್ತೆಂಟಕ್ಕೆ ಇಳಿಸಿದ.

ಮರುದಿನ ಚಿಹಾರು ಅಂಗಡಿಯ ಹಿಂದಿನ ಗೋಡೆಗೆ ಎರಡೇ ಸಲ ಚೆಂಡು ಹೊಡೆದು ನಿಲ್ಲಿಸಿದಳು.

"ಶಿವರಾಮ್‌-ಸಾನ್, ಎಷ್ಟು ಇಳಿಸಿದಿರಿ?"

"ನಾಲ್ಕು," ಎಂದ ಅವನು, ತಲೆ ತಗ್ಗಿಸಿ. "ಈಗಲೇ ಬಿಚ್ಚಿ ಬೇರೆ ಹಾಕ್ಕೊಡ್ತೀನಿ."

"ಬೇಡ. ಆಡಬೇಡ ಅಂತ ಡಾಕ್ಟರು ಹೇಳಿದ್ರು, ಕೋಚ್ ಹೇಳಿದ್ರು, ನಾನು ಕೇಳಲಿಲ್ಲ. ನೀವೊಬ್ಬರಾದ್ರೂ ನನ್ನ ಕೈಯಲ್ಲಿ ಆಗುತ್ತೆ ಅಂದ್ಕೊಂಡಿದ್ದೀರಿ ಅಂತ ನಂಬಿದ್ದೆ."

ಅವನು ರ‍್ಯಾಕೆಟ್ಟಿಗೆ ಕೈ ಚಾಚುವಷ್ಟರಲ್ಲಿ ಅವಳು ಸ್ಯಾನ್ ಡಿಯಾಗೋಗೆ ಫೋನ್ ಮಾಡಿ, ಪಟ್ಟಿಯಿಂದ ತನ್ನ ಹೆಸರು ತೆಗೆಯಿರಿ, ಇನ್ನು ಮುಂದೆ ಆಡುವುದಿಲ್ಲ ಎಂದು ಹೇಳತೊಡಗಿದ್ದಳು.