ತಂಬಿಗೆಯ ಮರೆವು

ಯಾರು ಎಷ್ಟೇ ರೇಗಲಿ, ಗಂಗೂಬಾಯಿಯವರ ಉತ್ತರ ಒಂದೇ: "ಅದಕ್ಕೇನೀಗ?" ಇಳಕಲ್ ಸೀರೆಯ ಮೇಲೆ ತೀರಿಹೋದ ಗಂಡನ ಕಪ್ಪು ಕೋಟು ಏರಿಸಿ, ಪುಣೆಯ ಯೆರವಡಾದ ರಸ್ತೆಗಳಲ್ಲಿ ಹಿಮ್ಮಡಿ ಊರಿ ಧಡಧಡನೆ ನಡೆಯುತ್ತಿದ್ದ ಈ ಗಣಿತದ ಅಧ್ಯಾಪಿಕೆಯನ್ನು ಕಂಡರೆ, ವಿಧವೆಯೆಂದು ಕನಿಕರಿಸಲು ಬಂದವರು ಕೂಡ ದಾರಿ ಬಿಟ್ಟು ನಿಲ್ಲುತ್ತಿದ್ದರು. ರಿಕ್ಷಾದವರೊಡನೆ ಮರಾಠಿಯಲ್ಲಿ, ದೇವರೊಡನೆ ಕನ್ನಡದಲ್ಲಿ ಜಗಳವಾಡುವುದು ಅವರ ನಿತ್ಯವಿಧಿ. ನೆರೆಯವನಾದ ನನಗೆ ಎರಡೂ ಕೇಳಿಸುತ್ತಿದ್ದವು.

ತೊಂಬತ್ತೇಳರ ಶ್ರಾವಣದಲ್ಲಿ ಅವರ ಅಣ್ಣ, ಬಟ್ಟೆ ವ್ಯಾಪಾರಿ ಶಿವರುದ್ರಪ್ಪನವರು, ತಮ್ಮ ಮಗಳು ಮಾಧುರಿಗೆ ಒಂದು ಸಂಬಂಧ ನೋಡಿದರು. ಹುಡುಗಿ ಬೇಡವೆಂದಳು. ದೇವರೇ ಹೇಳಲಿ ಎಂದು ಅಣ್ಣನವರು ತಂಗಿಯ ಮನೆಯ ವೀರಭದ್ರನ ಪಟದ ಮುಂದೆ ತಂಬಿಗೆಯಲ್ಲಿ 'ಹೌದು', 'ಬ್ಯಾಡ' ಎಂಬ ಎರಡು ಚೀಟಿ ಹಾಕಿ, ನಿಷ್ಪಕ್ಷಪಾತಿಯೆಂಬ ಗೌರವ ಕೊಟ್ಟು ನನ್ನಿಂದ ಎತ್ತಿಸಿದರು. 'ಬ್ಯಾಡ' ಬಂತು. ಅಣ್ಣನವರು ಅದನ್ನು ಮಡಿಚಿ ತಂಬಿಗೆಗೆ ಮರಳಿಸಿ, ಕುಲುಕಿ, ಮತ್ತೆ ಎತ್ತಲು ಹೇಳಿದರು. ಮತ್ತೂ 'ಬ್ಯಾಡ'. ಮೂರನೆಯ ಸಲ 'ಹೌದು' ಬಂದದ್ದೇ ತಡ, ಹಂಚಲು ಸಕ್ಕರೆಯ ಬಟ್ಟಲು ಹೊರಬಂತು.

"ಎರಡ ಸಲ ಬ್ಯಾಡ ಬಂದಿತ್ತು, ಮೂರನೇದ್ದು ಹೌದ ಬರಲೇಬೇಕಾಗಿತ್ತು. ದೇವರು ಒಪ್ಪ್ಯಾನ," ಎಂದರು ಶಿವರುದ್ರಪ್ಪನವರು.

ಮೂಲೆಯಲ್ಲಿ ಕೂತಿದ್ದ ಗಂಗೂಬಾಯಿ ಎದ್ದರು. "ಚೀಟಿ ವಾಪಸ್ ಹಾಕಿದ ಮ್ಯಾಲೆ, ಹಿಂದ ಏನ್ ಬಂದಿತ್ತು ಅಂತ ತಂಬಿಗಿಗೆ ನೆನಪಿರ್ತದೇನಣ್ಣಾ? ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಸಂಬಂಧಿಲ್ಲ, ಪ್ರತಿ ಸಲಾನೂ ಅರ್ಧಕ್ಕರ್ಧ. ಹೌದು ಬರೋತನಕಾ ಎತ್ತಿಕೋತ ಕುಂತ್ರ, ಹುಡುಗೀನ್ನ ಕತ್ತೆಗೆ ಕೊಡ್ತೀನಂದ್ರೂ ಹೌದ ಬರ್ತದ."

"ದೇವರ ಮುಂದ ನಾಲಿಗಿ ಬಿಗಿಹಿಡಿ, ಗಂಗೂ."

"ಹಂಗಾರ ದೇವರನ್ನ ಕೇಳೋಣು." ತಂಬಿಗೆಯನ್ನು ನನ್ನೆದುರಿಗೆ ತಂದಿಟ್ಟು, ವೀರಭದ್ರನಿಗೆ ಭಕ್ತಿಯಿಂದಲೇ ಕೈಮುಗಿದು ಕೇಳಿದರು: "ನಮ್ಮಣ್ಣನ ಮೀಸಿ ಬೋಳಿಸಬೇಕೋ, ಬ್ಯಾಡೋ?"

'ಬ್ಯಾಡ' ಬಂತು. ಅಣ್ಣನ ಹಾಗೆಯೇ ಮಡಿಚಿ, ಕುಲುಕಿ, ಮತ್ತೆ ಎತ್ತಿಸಿದರು. ಈ ಸಲ 'ಹೌದು'. ಮೀಸೆಯೇ ಮನೆತನವೆಂದು ನಂಬಿದ್ದ ಶಿವರುದ್ರಪ್ಪನವರ ಕೈ ತಾನಾಗಿ ಮೇಲ್ದುಟಿಗೆ ಹೋಯಿತು; ನಾನು ನಗು ನುಂಗಿಕೊಂಡೆ.

"ಬ್ಲೇಡ್ ತರ್ಲೇನಣ್ಣಾ? ಇಲ್ಲಾ, ತಂಬಿಗಿ ಬಿಟ್ಟು ಹುಡುಗೀನ್ನ ಕೇಳ್ತೀಯೇನು?"

ಬಾಗಿಲಿಗೆ ಒರಗಿ ನಿಂತಿದ್ದ ಮಾಧುರಿ ತಲೆಯೆತ್ತಿ ಹೇಳಿದಳು: "ನನಗ ಬ್ಯಾಡಪ್ಪಾ."

ಸಕ್ಕರೆ ಮತ್ತೆ ಡಬ್ಬಿ ಸೇರಿತು. ಸಂಬಂಧ ಅಲ್ಲಿಗೇ ನಿಂತಿತು. ಅಣ್ಣ ವರ್ಷಗಟ್ಟಲೆ ತಂಗಿಯ ಹೊಸ್ತಿಲು ತುಳಿಯಲಿಲ್ಲ. ಅದಕ್ಕಾಗಿ ಗಂಗೂಬಾಯಿ ಅತ್ತದ್ದುಂಟು, ಕ್ಷಮೆ ಮಾತ್ರ ಕೇಳಲಿಲ್ಲ.

ಇಂಥವರಿರುವ ಮನೆಯಲ್ಲಿ ನೆಮ್ಮದಿಗೆ ಎಡೆಯಿಲ್ಲವೆನ್ನುತ್ತಾರೆ. ನಿಜವಿರಬಹುದು. ಆದರೆ ಇಂಥವರಿಲ್ಲದ ಮನೆಗಳಲ್ಲಿ ಹೆಣ್ಣುಮಕ್ಕಳು 'ಬೇಡ' ಅಂದರೆ, 'ಹೌದು' ಅನ್ನುವ ತನಕ ಹಿರಿಯರು ಕೇಳುತ್ತಲೇ ಇರುತ್ತಾರೆ.