ಬಂಡೆಯ ಬುಡದ ಒರತೆ

ಇದನ್ನು ಹೇಳಲು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಕೊಳ ಕಟ್ಟಿದವನಲ್ಲ, ಬಕೆಟ್ ಹೊತ್ತವನೂ ಅಲ್ಲ. ಎಲ್ಲಾದರೂ ತಪ್ಪಿದ್ದರೆ ಮನ್ನಿಸಬೇಕು.

ಕುಎರ್ನವಾಕ ಪಟ್ಟಣದ ಇಳಿಜಾರಿನ ಆ ಓಣಿಗೆ ನೀರು ಬರುತ್ತಿದ್ದುದು ಗುರುವಾರ ಮಾತ್ರ. ಈಗ ಐದು ಗುರುವಾರಗಳಿಂದ ನಲ್ಲಿ ಕೆಮ್ಮಿ ಸುಮ್ಮನಾಗುತ್ತಿತ್ತು. ಅಲ್ಲಿನ ಚೋಲೆ ಎಂಬಾಕೆ ಕಾಳು ತೊಳೆದ ನೀರಲ್ಲಿ ಪಾತ್ರೆ ತೊಳೆದು, ಅದರಲ್ಲೇ ನೆಲ ಒರೆಸಿ, ಉಳಿದದ್ದನ್ನು ಮೆಣಸಿನ ಗಿಡಕ್ಕೆ ಹಾಕುತ್ತಿದ್ದಳು.

ಅವಳ ತಮ್ಮ ನಾಬೊರ್ ಶ್ರೀಮಂತರ ತೋಟಗಳಲ್ಲಿ ಕೊಳ ಮಾಡುವವನು. ಗೋಡೆಯಾಚೆಯ ವಕೀಲ ದೊನ್ ಎವರಾರ್ದೊಗೆ ಮನುಷ್ಯನ ಕೈ ಮುಟ್ಟಿಲ್ಲವೆಂಬಂಥ ಕೊಳ ಬೇಕಿತ್ತು. ನಾಬೊರ್ ಜೇಡಿಮಣ್ಣು ಹಾಸಿ ಮೂರು ದಿನ ಬರಿಗಾಲಲ್ಲಿ ತುಳಿದ. ಜೊಂಡು ನೆಟ್ಟ. ಅಲ್ಲಿ ಮೊದಲೇ ಇದ್ದ ನೀರಿನ ಪೈಪಿನ ಬಾಯಿಯನ್ನು ಪಾಚಿಗಟ್ಟಿದ ಬಂಡೆಯ ಬುಡದಲ್ಲಿ ಎಷ್ಟು ಚಂದವಾಗಿ ಮುಚ್ಚಿದನೆಂದರೆ, ಮರುದಿನವೇ ಕಪ್ಪೆಗಳು ಬಂದು ಬಿಡಾರ ಹೂಡಿದವು. ಮನೆಯಲ್ಲಿ ಅದನ್ನೇ ನಾಲ್ಕು ಸಲ ಹೇಳಿಕೊಂಡ.

"ಆ ಪೈಪು ಎಲ್ಲಿಂದ ಬರುತ್ತೆ, ಜಾಣ?" ಚೋಲೆ ಕೇಳಿದಳು.

ಅವನು ಅದನ್ನು ಯಾರನ್ನೂ ಕೇಳಿಯೇ ಇರಲಿಲ್ಲ. ಬೆಳಿಗ್ಗೆ ಮಣ್ಣು ಕೆದಕಿ ನೋಡಿದ. ಪೈಪು ಗೋಡೆಯಡಿ ನುಸುಳಿ ಓಣಿಯ ಕೊಳವೆಗೆ ಕಚ್ಚಿಕೊಂಡಿತ್ತು. ಹೇಳಹೋದರೆ ಎವರಾರ್ದೊ ನಕ್ಕುಬಿಟ್ಟ.

"ಯಾವ ಪೈಪೋ? ಅದು ಒರತೆ. ನೀನೇ ಮಾಡಿದ್ದಲ್ವಾ?"

ವಿಚಾರಿಸಲು ಬಂದ ನೀರಿನ ಕಚೇರಿಯ ಇನ್‌ಸ್ಪೆಕ್ಟರನಿಗೂ ಎವರಾರ್ದೊ ಹಾಗೇ ಹೇಳಿದ. ಬಂದವನು ನಿಂಬೆ ಪಾನಕ ಕುಡಿದು, ಸಹಜ ಒರತೆ ಎಂದು ಬರೆದುಕೊಂಡು ಹೋದ.

ಮೇ ಮೂರು ಬಂತು. ಅಂದು ಶಿಲುಬೆ ಹಬ್ಬ. ಕಟ್ಟುವ ಕೆಲಸದವರು ಕೆಲಸದ ಜಾಗದಲ್ಲಿ ಹೂವಿನ ಶಿಲುಬೆ ನಿಲ್ಲಿಸುತ್ತಾರೆ, ಯಜಮಾನ ಊಟ ಹಾಕುತ್ತಾನೆ. ಹೆಂಗಸರು ಒರತೆಗಳಿಗೂ ಶಿಲುಬೆ ಇಟ್ಟು ನೀರು ಒಯ್ಯುತ್ತಾರೆ. ಒರತೆ ಯಾರ ಜಾಗದಲ್ಲಿದ್ದರೂ ಅಂದು ಯಾರೂ ಅವರನ್ನು ಹಿಂದಕ್ಕೆ ಕಳಿಸುವುದಿಲ್ಲ. ಎವರಾರ್ದೊ ಕೊಳ ತೋರಿಸಲು ನೆಂಟರಿಷ್ಟರನ್ನೂ ಇನ್‌ಸ್ಪೆಕ್ಟರನನ್ನೂ ಕರೆದಿದ್ದ.

ಊಟದ ನಡುವೆ ಗೇಟಿನ ಗಂಟೆ ಮೊಳಗಿತು. ಕಾಗದದ ಹೂ ಸುತ್ತಿದ ಶಿಲುಬೆ ಹಿಡಿದು ಚೋಲೆ ನಿಂತಿದ್ದಳು. ಹಿಂದೆ ಇಡೀ ಓಣಿಯ ಹೆಂಗಸರು, ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಬಕೆಟ್. ಎಷ್ಟು ಚಂದದ ಸಂಪ್ರದಾಯ ಎಂದು ಅತಿಥಿಗಳು ಚಪ್ಪಾಳೆ ತಟ್ಟಿದರು.

"ಇದು ಒರತೇನೇ ತಾನೇ, ದೊನ್ ಎವರಾರ್ದೊ? ಅಲ್ಲ ಅಂದ್ರೆ ಹೇಳಿಬಿಡಿ, ವಾಪಸ್ ಹೋಗ್ತೀವಿ," ಎಂದಳು ಚೋಲೆ.

ಎವರಾರ್ದೊ ಇನ್‌ಸ್ಪೆಕ್ಟರನ ಮುಖ ನೋಡಿದ. ಇನ್‌ಸ್ಪೆಕ್ಟರ್ ತನ್ನ ತಟ್ಟೆ ನೋಡಿಕೊಂಡ.

"ಒರತೇನೇ," ಎಂದ ಎವರಾರ್ದೊ.

"ಹಂಗಾದ್ರೆ ಸಾಲಾಗಿ ಬನ್ರಮ್ಮ. ಕಪ್ಪೆ ಮರಿ ಬಂದ್ರೆ ಅಲ್ಲೇ ಬಿಡಿ, ಅದು ಯಜಮಾನ್ರದು."

ಬಕೆಟ್‌ಗಳು ಮುಳುಗಿ ಎದ್ದವು. ಜೊಂಡಿನ ಬೇರು ಕಾಣತೊಡಗಿತು. ಇವರನ್ನು ತಡೆಯೋ ಎಂದು ಎವರಾರ್ದೊ, ಊಟಕ್ಕೆ ಕೂತಿದ್ದ ನಾಬೊರನ ಕಿವಿಯಲ್ಲಿ ಪಿಸುಗುಟ್ಟಿದ. ನಾಬೊರ್ ತಟ್ಟೆ ಕೆಳಗಿಟ್ಟ.

"ಒರತೆಗೆ ಬಾಗಿಲಿಡೋದು ನಂಗೆ ಗೊತ್ತಿಲ್ಲ ಸ್ವಾಮಿ," ಎಂದ, ಎಲ್ಲರಿಗೂ ಕೇಳುವಂತೆ. ಆಮೇಲೆ ಹೋಗಿ ಅಕ್ಕನ ಬಕೆಟ್ ಎತ್ತಿಕೊಂಡ.

ಮರುದಿನ ನಾಬೊರನಿಗೆ ಆ ಮನೆಯ ಕೆಲಸ ಹೋಯಿತು. ಗುರುವಾರ ಮತ್ತೆ ಬರುತ್ತೇವೆ ಎಂದು ಚೋಲೆ ಗೇಟಿನಲ್ಲೇ ಹೇಳಿ ಬಂದಿದ್ದಳು. ಆ ಗುರುವಾರದ ಹೊತ್ತಿಗೆ ನಾನು ಊರಲ್ಲಿರಲಿಲ್ಲ. ಗೇಟು ತೆರೆಯಿತೋ, ನಲ್ಲಿ ತಾನಾಗಿ ಸುರಿಯಿತೋ, ನನಗೆ ಗೊತ್ತಿಲ್ಲ.